ಪಡಿತರ ಅಧಿಕಾರಿಯೊಬ್ಬರು ಕಟ್ಟಿದ ನಗರ: ಹಿರೋಷಿಮಾದ ಮೇಯರ್ ಶಿನ್‌ಜೋ ಹಮಾಯಿ

ಪ್ರಶ್ನೆ: ಅಣುಬಾಂಬಿಗೆ ಸುಟ್ಟುಹೋದ ಹಿರೋಷಿಮಾವನ್ನು ಮತ್ತೆ ಕಟ್ಟಿದ ಕೀರ್ತಿಯನ್ನು ಶಿನ್‌ಜೋ ಹಮಾಯಿ ಎಂಬ ಮೇಯರ್‌ಗೆ ಕೊಡುತ್ತಾರೆ. ನಮ್ಮ ಊರುಗಳ ಮೇಯರ್‌ಗಳನ್ನು ನೋಡಿದವರಿಗೆ ಒಬ್ಬ ಮೇಯರ್ ಇಷ್ಟೆಲ್ಲ ಮಾಡಬಲ್ಲರು ಎಂದು ನಂಬುವುದು ಕಷ್ಟ. ಅವರು ಆ ಹುದ್ದೆಗೆ ಬಂದದ್ದು ಹೇಗೆ? ಹಣ ಎಲ್ಲಿಂದ ಬಂತು? ಅಷ್ಟು ಕೆಲಸ ಮಾಡಿದವರು 1955ರ ಚುನಾವಣೆಯಲ್ಲಿ ಸೋತದ್ದೇಕೆ?

ಉತ್ತರ: ನೀವು ಕೇಳಿದ ಮೂರು ಪ್ರಶ್ನೆಗಳಲ್ಲಿ ಹಣದ ಪ್ರಶ್ನೆಗೆ ಸಿಗುವ ಉತ್ತರವೇ ಹಮಾಯಿಯವರ ವೃತ್ತಿಜೀವನದ ತಿರುಳು ಎಂಬುದು ನನ್ನ ಅಭಿಪ್ರಾಯ. ಅವರನ್ನು ಸಾಮಾನ್ಯವಾಗಿ ಶಾಂತಿಯ ಸಂದೇಶ ಸಾರಿದ ಮೇಯರ್ ಎಂದು ನೆನೆಯುತ್ತಾರೆ. ಅದು ನಿಜವೇ ಆದರೂ, ಮೇಯರ್ ಆಗುವ ಮೊದಲು ಅವರು ನಗರಾಡಳಿತದ ಪಡಿತರ ವಿಭಾಗದ ಮುಖ್ಯಸ್ಥರಾಗಿದ್ದರು; ಇಲ್ಲದ ಸಾಮಗ್ರಿಯನ್ನು ಎಲ್ಲಿಂದ ತರಿಸಬೇಕು, ಇರುವುದನ್ನು ಯಾರಿಗೆ ಮೊದಲು ಕೊಡಬೇಕು ಎಂಬ ಲೆಕ್ಕದಲ್ಲಿ ಪಳಗಿದವರು. ಬೊಕ್ಕಸ ಬರಿದಾದ ನಗರಕ್ಕೆ ಜಮೀನನ್ನೂ ಹಣವನ್ನೂ ಕಾನೂನಿನ ಆಸರೆಯನ್ನೂ ಹುಡುಕಿ ತಂದದ್ದು ಈ ಅಧಿಕಾರಿಯ ಬುದ್ಧಿ. ಅವರ ಭಾಷಣಗಳನ್ನು ಮಾತ್ರ ಓದಿದವರಿಗೆ ಈ ಮುಖ ಕಾಣುವುದಿಲ್ಲ.

ಮೊದಲಿಗೆ ಹುದ್ದೆಯ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಮಹಾನಗರ ಪಾಲಿಕೆಗಳಲ್ಲಿ ಮೇಯರ್ ಬಹುಕಾಲದಿಂದ ಒಂದು ವರ್ಷದ ಅವಧಿಗೆ ಸದಸ್ಯರಿಂದ ಆಯ್ಕೆಯಾಗುತ್ತ ಬಂದವರು. ಆಡಳಿತ ನಡೆಸುವವರು ಸರ್ಕಾರ ನೇಮಿಸಿದ ಆಯುಕ್ತರು. ಜಪಾನಿನಲ್ಲಿ 1947ರ ಸ್ಥಳೀಯ ಸ್ವಾಯತ್ತತಾ ಕಾಯ್ದೆಯ ನಂತರ ಈ ಎರಡೂ ಕೆಲಸಗಳು ಒಬ್ಬರಲ್ಲೇ ಸೇರಿವೆ. ಮೇಯರ್ ಅನ್ನು ನಗರದ ಮತದಾರರೇ ನೇರವಾಗಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ, ಎಷ್ಟು ಸಲ ಬೇಕಾದರೂ ಮರಳಿ ಸ್ಪರ್ಧಿಸಬಹುದು, ಆಯವ್ಯಯವನ್ನು ಸಿದ್ಧಪಡಿಸಿ ಮಂಡಿಸುವ ಅಧಿಕಾರ ಅವರದೇ, ನೌಕರರೆಲ್ಲ ಅವರ ಕೈಕೆಳಗೇ ಇರುತ್ತಾರೆ. ನಗರಸಭೆ ಅವಿಶ್ವಾಸ ನಿರ್ಣಯ ಅಂಗೀಕರಿಸಿದರೆ, ಹತ್ತು ದಿನಗಳೊಳಗೆ ಆ ಸಭೆಯನ್ನೇ ವಿಸರ್ಜಿಸಿ ಜನರ ಬಳಿಗೆ ಹೋಗುವ ಅವಕಾಶವೂ ಮೇಯರ್‌ಗೆ ಇದೆ. ಯುದ್ಧಕ್ಕೆ ಮುಂಚೆ ಹೀಗಿರಲಿಲ್ಲ. ಆಗ ಮೇಯರ್ ನೇಮಕದಲ್ಲಿ ನಗರಸಭೆ ಮತ್ತು ಗೃಹ ಸಚಿವಾಲಯಗಳ ಮಾತೇ ನಡೆಯುತ್ತಿತ್ತು. ಮತದಾರರಿಗೆ ನೇರ ಪಾತ್ರವಿರಲಿಲ್ಲ. ಹಮಾಯಿ ಈ ಎರಡು ವ್ಯವಸ್ಥೆಗಳ ಸಂಧಿಕಾಲದವರು: ಹಳೆಯ ವ್ಯವಸ್ಥೆಯಲ್ಲಿ ನೌಕರಿಗೆ ಸೇರಿ, ಹೊಸ ವ್ಯವಸ್ಥೆಯಲ್ಲಿ ಹಿರೋಷಿಮಾದ ಜನರೇ ಆರಿಸಿದ ಮೊತ್ತಮೊದಲ ಮೇಯರ್ ಆದವರು.

ಹಮಾಯಿ ಹುಟ್ಟಿದ್ದು 1905ರಲ್ಲಿ, ಹಿರೋಷಿಮಾದಲ್ಲಿಯೇ. ಟೋಕಿಯೋ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದರು. ಆ ಪದವಿ ಪಡೆದವರಿಗೆ ರಾಜಧಾನಿಯ ಸಚಿವಾಲಯಗಳ ಬಾಗಿಲು ತೆರೆದಿರುತ್ತಿದ್ದ ಕಾಲದಲ್ಲಿ ಅವರು ತಮ್ಮ ಊರಿಗೆ ಮರಳಿ ನಗರಾಡಳಿತದ ನೌಕರಿ ಹಿಡಿದರು. 1945ರ ಆಗಸ್ಟ್ 6ರಂದು ಬಾಂಬು ಬಿದ್ದಾಗ ಪಡಿತರ ವಿಭಾಗ ಅವರ ಹೊಣೆಯಲ್ಲಿತ್ತು. ಸ್ಫೋಟದ ಕೇಂದ್ರದಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದ್ದ ನಗರಾಡಳಿತದ ಕಟ್ಟಡ ಒಳಗಿನಿಂದ ಉರಿದುಹೋಯಿತು. ಮೇಯರ್ ಸೆಂಕಿಚಿ ಅವಾಯಾ ತಮ್ಮ ಅಧಿಕೃತ ನಿವಾಸದಲ್ಲಿ ಮೃತಪಟ್ಟರು. ನೌಕರರಲ್ಲಿ ಬಹುಪಾಲು ಜನ ಸತ್ತಿದ್ದರು, ಇಲ್ಲವೇ ಗಾಯಗೊಂಡಿದ್ದರು. ಸುಮಾರು ಮೂರೂವರೆ ಲಕ್ಷ ಜನರಿದ್ದ ಊರಿನಲ್ಲಿ ಆ ವರ್ಷದ ಕೊನೆಯ ಹೊತ್ತಿಗೆ ಸತ್ತವರು ಅಂದಾಜು 1,40,000.

ಬದುಕುಳಿದ ಹಮಾಯಿ ಸುಟ್ಟ ಕಚೇರಿಗೆ ಬಂದು ಮಾಡಿದ್ದು ತಮ್ಮ ಇಲಾಖೆಯ ಕೆಲಸವನ್ನೇ. ಸುತ್ತಲಿನ ಊರುಗಳಿಂದ ಅನ್ನದ ಉಂಡೆ, ಒಣ ಬಿಸ್ಕತ್ತು, ಬಟ್ಟೆ, ವಾಹನ ಹೀಗೆ ಸಿಕ್ಕಿದ್ದನ್ನೆಲ್ಲ ತರಿಸಿ ಹಂಚಬೇಕಿತ್ತು. ಸೆಪ್ಟೆಂಬರ್ 17ರಂದು ಮಕುರಾಜಾಕಿ ಚಂಡಮಾರುತ ಅಪ್ಪಳಿಸಿ, ಹಿರೋಷಿಮಾ ಪ್ರಾಂತ್ಯದಲ್ಲಿ 2,000ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಬಾಂಬಿಗೆ ಉಳಿದಿದ್ದ ಸೇತುವೆಗಳಲ್ಲಿ ಹಲವು ಆ ಪ್ರವಾಹಕ್ಕೆ ಕೊಚ್ಚಿಹೋದವು. 75 ವರ್ಷ ಈ ನೆಲದಲ್ಲಿ ಹುಲ್ಲೂ ಚಿಗುರುವುದಿಲ್ಲ ಎಂಬ ಮಾತು ಹಬ್ಬಿದ್ದ ಆ ದಿನಗಳಲ್ಲಿ, ಊರನ್ನು ಬೇರೆಡೆಗೆ ಸಾಗಿಸಿ ಈ ಜಾಗವನ್ನು ಹಾಗೆಯೇ ಬಿಡಬೇಕೆಂದು ವಾದಿಸಿದವರೂ ಇದ್ದರು. ಆದರೆ ಜನ ಯಾರ ಅಪ್ಪಣೆಗೂ ಕಾಯದೆ ಸುಟ್ಟ ತಗಡು, ಮುರಿದ ಮರಗಳನ್ನು ಹೊಂದಿಸಿ ತಮ್ಮ ತಮ್ಮ ಜಾಗದಲ್ಲೇ ಗುಡಿಸಲು ಎಬ್ಬಿಸಿಕೊಂಡರು. ಹಾಗೆ ಮರಳಿದವರ ಕೈಗೆ ಪಡಿತರ ತಲುಪಿಸುತ್ತಿದ್ದ ಅಧಿಕಾರಿಗೆ, ಈ ಊರು ಇಲ್ಲಿಯೇ ಉಳಿಯುತ್ತದೆ ಎಂಬುದು ಯಾವ ಯೋಜನಾ ಸಮಿತಿಗಿಂತಲೂ ಮೊದಲೇ ತಿಳಿದಿರಬೇಕು.

ಅವಾಯಾ ಅವರ ನಂತರ ಮೇಯರ್ ಆದ ಶಿಚಿರೋ ಕಿಹಾರಾ ಕಾಲದಲ್ಲಿ ಹಮಾಯಿ ಉಪಮೇಯರ್ ಆದರು. ಯುದ್ಧಕಾಲದ ಸಾರ್ವಜನಿಕ ಹುದ್ದೆಗಳಲ್ಲಿದ್ದವರನ್ನು ಹೊರಗಿಡುವ ಅಮೆರಿಕನ್ ಸೇನಾ ಆಡಳಿತದ (ಸೋತ ಜಪಾನನ್ನು ಆಗ ಆಳುತ್ತಿದ್ದುದು ಅದೇ) ಆದೇಶಕ್ಕೆ ಸಿಲುಕಿ ಕಿಹಾರಾ 1947ರಲ್ಲಿ ಹುದ್ದೆ ಬಿಡಬೇಕಾಯಿತು. ಅದೇ ಏಪ್ರಿಲ್‌ನಲ್ಲಿ ನಡೆದ ಮೊದಲ ನೇರ ಚುನಾವಣೆಯಲ್ಲಿ ಹಮಾಯಿ ಗೆದ್ದಾಗ ಅವರಿಗೆ 41 ವರ್ಷ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಷ್ಟೇ: ಅವರು ಪಕ್ಷದ ಮೆಟ್ಟಿಲು ಹತ್ತಿ ಬಂದವರಲ್ಲ, ಹಸಿದ ಊರಿನಲ್ಲಿ ಪಡಿತರ ಹಂಚಿದ ಕಚೇರಿಯಿಂದ ಬಂದವರು.

ಗೆದ್ದ ಕೆಲವೇ ತಿಂಗಳಲ್ಲಿ, 1947ರ ಆಗಸ್ಟ್ 6ರಂದು, ನಗರಾಡಳಿತ ಮತ್ತು ವಾಣಿಜ್ಯ ಮಂಡಳಿ ಸೇರಿದ ಸಂಘವೊಂದು ಮೊದಲ ಶಾಂತಿ ಉತ್ಸವವನ್ನು ನಡೆಸಿತು. ಹಮಾಯಿ ಮೊದಲ ಶಾಂತಿ ಘೋಷಣೆಯನ್ನು ಓದಿದರು. ಅದು ಬಾಂಬು ಹಾಕಿದ ದೇಶದ ಮೇಲೆ ಆರೋಪ ಹೊರಿಸಲಿಲ್ಲ. ಈ ಅಸ್ತ್ರದ ನಂತರ ಯುದ್ಧವನ್ನೇ ಕೈಬಿಡದೆ ಮನುಷ್ಯಕುಲಕ್ಕೆ ಉಳಿಗಾಲವಿಲ್ಲ ಎಂಬ ದಾರಿಯಲ್ಲಿ ಸಾಗಿತು. ಅಮೆರಿಕನ್ ಸೇನೆಯ ಆಳ್ವಿಕೆ ನಡೆಯುತ್ತಿದ್ದ, ಬಾಂಬಿನ ಕುರಿತ ಬರಹಗಳೆಲ್ಲ ಪರಿಶೀಲನೆಗೆ ಒಳಪಡುತ್ತಿದ್ದ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ ಎನ್ನುವುದು ಸರಿ. ಉತ್ಸವದ ಜೊತೆಗೆ ನಡೆದ ಕುಣಿತ ಮೆರವಣಿಗೆಗಳು ಸತ್ತವರಿಗೆ ತೋರಿದ ಅಗೌರವವೆಂದು ಊರಿನವರೇ ಟೀಕಿಸಿದರು. ಮುಂದಿನ ವರ್ಷಗಳಲ್ಲಿ ಆ ಭಾಗ ಮರೆಯಾಯಿತು. 1950ರಲ್ಲಿ ಕೊರಿಯಾ ಯುದ್ಧ ಶುರುವಾದಾಗ ಉತ್ಸವವನ್ನೇ ರದ್ದು ಮಾಡಬೇಕಾಗಿ ಬಂದಿತು. ಘೋಷಣೆ ಓದುವ ಸಂಪ್ರದಾಯ ಮಾತ್ರ ಉಳಿದುಕೊಂಡು, ಇಂದಿಗೂ ಹಿರೋಷಿಮಾದ ಮೇಯರ್ ಆದವರ ಮೊದಲ ಕರ್ತವ್ಯಗಳಲ್ಲಿ ಒಂದಾಗಿದೆ.

ಈಗ ಹಣದ ವಿಷಯ. ಹಾಳಾದ ನಗರದ ಮೂಲ ಸಂಕಟವೆಂದರೆ, ಖರ್ಚು ಹತ್ತುಪಟ್ಟು ಬೇಕಾದಾಗಲೇ ವರಮಾನದ ಮೂಲ ಇಲ್ಲವಾಗಿರುತ್ತದೆ. ಮನೆಯೇ ಇಲ್ಲದವರಿಂದ ಮನೆ ತೆರಿಗೆ ಕೇಳುವುದು ಹೇಗೆ? ಕೇಂದ್ರ ಸರ್ಕಾರದ ಯುದ್ಧಹಾನಿ ಪುನರ್ನಿರ್ಮಾಣ ಯೋಜನೆಯಲ್ಲಿ ಹಿರೋಷಿಮಾ 115 ನಗರಗಳ ಪೈಕಿ ಒಂದಾಗಿತ್ತು, ಅಷ್ಟೇ. ಟೋಕಿಯೋ, ಒಸಾಕಾ, ನಗೋಯಾಗಳೂ ಬೆಂಕಿ ಬಾಂಬುಗಳಿಗೆ ಸುಟ್ಟಿದ್ದವು. ನಿಮ್ಮೊಬ್ಬರಿಗೇ ವಿಶೇಷ ಸಹಾಯ ಏಕೆ ಎಂದು ಕೇಳುವ ಅಧಿಕಾರಿಗೆ ಕಾನೂನಿನ ಭಾಷೆಯಲ್ಲಿ ಉತ್ತರವಿರಲಿಲ್ಲ. ಹಮಾಯಿ ಮತ್ತು ನಗರಸಭೆಯ ಮುಖಂಡರು ಮತ್ತೆ ಮತ್ತೆ ಟೋಕಿಯೋಗೆ ಹೋಗಿ ಮನವಿ ಸಲ್ಲಿಸಿ ಬರಿಗೈಯಲ್ಲಿ ಮರಳಿದರು. 1949ರಲ್ಲಿ ಹಣದುಬ್ಬರ ತಡೆಯಲು ದೇಶದ ಆಯವ್ಯಯವನ್ನೇ ಬಿಗಿಗೊಳಿಸಿದ ಡಾಡ್ಜ್ ನೀತಿ ಜಾರಿಗೆ ಬಂದು, ಪುನರ್ನಿರ್ಮಾಣದ ಅನುದಾನಗಳಿಗೆ ಇನ್ನಷ್ಟು ಕತ್ತರಿ ಬಿತ್ತು.

ಊರಿನಲ್ಲಿ ಸಂಪತ್ತು ಇರಲಿಲ್ಲ ಎನ್ನುವಂತಿಲ್ಲ. ಅದು ನಗರದ ಕೈಯಲ್ಲಿ ಇರಲಿಲ್ಲ. ಹಿರೋಷಿಮಾ ದಶಕಗಳ ಕಾಲ ಸೇನೆಯ ಊರಾಗಿತ್ತು. ಐದನೆಯ ಡಿವಿಷನ್‌ನ ನೆಲೆ, ಕೋಟೆಯ ಸುತ್ತಲಿನ ಕವಾಯತು ಮೈದಾನಗಳು, ದಂಡು ಹಡಗೇರುತ್ತಿದ್ದ ಉಜಿನಾ ಬಂದರು ಎಲ್ಲವೂ ಸೇನೆಯ ಸ್ವತ್ತು. ಸೇನೆ ವಿಸರ್ಜನೆಯಾದ ಮೇಲೆ ಆ ಜಮೀನು ಕೇಂದ್ರದ ಹಣಕಾಸು ಸಚಿವಾಲಯದ ಪಾಲಾಯಿತು. ಊರಿನ ನಟ್ಟನಡುವಿನ ಖಾಲಿ ನೆಲವನ್ನು ಕೊಳ್ಳಲು ನಗರಕ್ಕೆ ಶಕ್ತಿಯಿಲ್ಲ, ಪುಕ್ಕಟೆ ಕೊಡಲು ಕೇಂದ್ರಕ್ಕೆ ಕಾನೂನಿಲ್ಲ.

ಈ ಗಂಟು ಬಿಚ್ಚಿದ್ದು ಹೊಸ ಸಂವಿಧಾನದ 95ನೆಯ ವಿಧಿ. ಒಂದೇ ಒಂದು ಸ್ಥಳೀಯ ಸಂಸ್ಥೆಗೆ ಅನ್ವಯಿಸುವ ವಿಶೇಷ ಕಾಯ್ದೆಯನ್ನು ಸಂಸತ್ತು ಮಾಡಬಹುದು, ಆದರೆ ಆ ಊರಿನ ಮತದಾರರ ಬಹುಮತದ ಒಪ್ಪಿಗೆ ಬೇಕು ಎಂದು ಅದು ಹೇಳುತ್ತದೆ. ಸಂಸತ್ತಿನ ಮೇಲ್ಮನೆಯ ಸಚಿವಾಲಯದಲ್ಲಿ ಹಿರಿಯ ಅಧಿಕಾರಿಯಾಗಿದ್ದ, ಹಿರೋಷಿಮಾ ಕಡೆಯವರೇ ಆದ ತಾದಾಶಿ ತೆರಾಮಿತ್ಸು ಅವರು ಮಸೂದೆಯ ಕರಡು ಬರೆದುಕೊಟ್ಟರು. ಸಾಮಾನ್ಯ ಹಾನಿಪರಿಹಾರದ ಕೋರಿಕೆಯಾಗಿದ್ದ ವಿಷಯ ಅವರ ಕೈಯಲ್ಲಿ ರೂಪ ಬದಲಿಸಿತು: ಹಿರೋಷಿಮಾವನ್ನು ಶಾಶ್ವತ ಶಾಂತಿಯ ಸ್ಮಾರಕ ನಗರವಾಗಿ ಕಟ್ಟುವುದು ಇಡೀ ದೇಶದ ಸಂಕಲ್ಪವೆಂದು ಮೊದಲ ಕಲಮಿನಲ್ಲೇ ಬಂದಿತು. ಆಗ ಯಾವ ಮಸೂದೆಗೂ ಅಮೆರಿಕನ್ ಸೇನಾ ಆಡಳಿತದ ಒಪ್ಪಿಗೆ ಬೇಕಿತ್ತು. ಸುಟ್ಟ ಊರಿಗೆ ಪರಿಹಾರ ಕೊಡಿ ಎಂದು ಬರೆದಿದ್ದರೆ ಅದು ಅಮೆರಿಕೆಯತ್ತ ಬೆರಳು ತೋರಿಸಿದಂತೆ ಆಗುತ್ತಿತ್ತು. ಶಾಂತಿಯ ನಗರ ಕಟ್ಟುತ್ತೇವೆ ಎಂಬ ಮಸೂದೆಗೆ ಬೇಡವೆನ್ನಲು ಆ ಆಡಳಿತದ ಮುಖ್ಯಸ್ಥ ಜನರಲ್ ಮೆಕಾರ್ಥರ್ ಅವರ ಕಚೇರಿಗೂ ಕಾರಣವಿರಲಿಲ್ಲ. ಒಪ್ಪಿಗೆ ಸಿಕ್ಕಿತು. 1949ರ ಮೇ ತಿಂಗಳಲ್ಲಿ ಎರಡೂ ಸದನಗಳು ಸರ್ವಾನುಮತದಿಂದ ಅಂಗೀಕರಿಸಿದವು. ಜುಲೈ 7ರಂದು ಹಿರೋಷಿಮಾದಲ್ಲಿ ಜನಮತಗಣನೆ ನಡೆಯಿತು. 95ನೆಯ ವಿಧಿಯ ಅಡಿಯಲ್ಲಿ ಜಪಾನಿನಲ್ಲಿ ನಡೆದ ಮೊದಲ ಜನಮತಗಣನೆ ಅದು, ಅದೇ ದಿನ ನಾಗಾಸಾಕಿಯಲ್ಲೂ ಅದರ ಸೋದರ ಕಾಯ್ದೆಗೆ ಮತದಾನವಾಯಿತು. ಹಿರೋಷಿಮಾದಲ್ಲಿ ಮತ ಹಾಕಿದವರ ಪೈಕಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಒಪ್ಪಿದರು. ಆಗಸ್ಟ್ 6ರಂದು ಕಾಯ್ದೆ ಜಾರಿಗೆ ಬಂತು. ಸೇನೆಯ ಹಳೆಯ ಜಮೀನಿನಲ್ಲಿ 30 ಹೆಕ್ಟೇರ್‌ಗೂ ಮಿಗಿಲಾದ ಭಾಗ ನಗರಕ್ಕೆ ಉಚಿತವಾಗಿ ದೊರೆಯಿತು, ಕಾಮಗಾರಿಗಳಲ್ಲಿ ಕೇಂದ್ರದ ಪಾಲೂ ಹೆಚ್ಚಿತು.

ಆ ಕಾಯ್ದೆ ಏಳು ಕಲಮುಗಳ ಪುಟ್ಟ ಕಾಯ್ದೆ. ಆರನೆಯ ಕಲಮು, ನಿವಾಸಿಗಳ ಸಹಕಾರದಿಂದ ಈ ಸ್ಮಾರಕ ನಗರವನ್ನು ಪೂರ್ಣಗೊಳಿಸಲು ಎಡೆಬಿಡದೆ ದುಡಿಯುವ ಹೊಣೆಯನ್ನು ಹಿರೋಷಿಮಾದ ಮೇಯರ್ ಮೇಲೆಯೇ ಹೊರಿಸುತ್ತದೆ. ಒಂದು ನಗರದ ಮೇಯರ್ ಏನು ಮಾಡಬೇಕೆಂದು ದೇಶದ ಸಂಸತ್ತು ಹೀಗೆ ಬರೆದಿಟ್ಟ ಉದಾಹರಣೆ ಅಪರೂಪ. ಹಮಾಯಿಯವರ ಅತಿದೊಡ್ಡ ಸಾಧನೆ ಯಾವುದೆಂದು ಕೇಳಿದರೆ, ಉದ್ಯಾನವನ್ನೂ ಸ್ಮಾರಕವನ್ನೂ ಬದಿಗಿಟ್ಟು ನಾನು ಈ ಕಾಯ್ದೆಯನ್ನೇ ಹೆಸರಿಸುತ್ತೇನೆ. ಕರಡು ಅವರದಲ್ಲ, ಹೌದು. ಆದರೆ ಸೋತು ಬಂದ ಬಾಗಿಲನ್ನೇ ಮತ್ತೆ ತಟ್ಟುತ್ತ, ಅದಕ್ಕೆ ಬೇಕಾದ ಜನರನ್ನು ಒಂದೆಡೆ ತಂದ ಶ್ರಮದಲ್ಲಿ ಅವರ ಪಾಲು ದೊಡ್ಡದು.

ಕಾಯ್ದೆ ಬಂದ ಅದೇ ವರ್ಷ ಶಾಂತಿ ಸ್ಮಾರಕ ಉದ್ಯಾನದ ವಿನ್ಯಾಸ ಸ್ಪರ್ಧೆಯಲ್ಲಿ ಕೆಂಜೋ ತಾಂಗೆ ಅವರ ತಂಡ ಗೆದ್ದಿತು. ವಸ್ತುಸಂಗ್ರಹಾಲಯ, ಸ್ಮಾರಕದ ಕಮಾನು, ಬಾಂಬಿಗೆ ಸುಟ್ಟು ನದಿಯಾಚೆ ಅಸ್ಥಿಪಂಜರದಂತೆ ನಿಂತ ಕಟ್ಟಡದ ಗುಮ್ಮಟ, ಈ ಮೂರನ್ನೂ ಒಂದೇ ಗೆರೆಯಲ್ಲಿ ಕೂರಿಸಿದ ಆ ವಿನ್ಯಾಸವನ್ನು ಇಂದು ಜಗತ್ತೇ ಬಲ್ಲದು. ಆದರೆ ಆ ಉದ್ಯಾನದ ನೆಲ ಖಾಲಿ ನೆಲವಾಗಿರಲಿಲ್ಲ. ಬಾಂಬಿಗೆ ಮುಂಚೆ ನಕಾಜಿಮಾ ಎಂಬ ಆ ಪ್ರದೇಶ ಅಂಗಡಿ ಮನೆಗಳು ಕಿಕ್ಕಿರಿದ ಪೇಟೆ. ನಂತರ ಅಲ್ಲಿ ನೂರಾರು ಗುಡಿಸಲುಗಳು ಎದ್ದಿದ್ದವು. ನಗರದ ರಸ್ತೆ ಉದ್ಯಾನಗಳಿಗೆ ಜಾಗ ಬಂದದ್ದು ಭೂ ಮರುಹೊಂದಾಣಿಕೆ ಎಂಬ ಪದ್ಧತಿಯಿಂದ. ಒಂದು ಪ್ರದೇಶದ ಎಲ್ಲ ನಿವೇಶನಗಳನ್ನು ಒಟ್ಟು ಸೇರಿಸಿ, ರಸ್ತೆ ಮತ್ತು ಉದ್ಯಾನಗಳಿಗೆ ಬೇಕಾದಷ್ಟನ್ನು ತೆಗೆದು, ಉಳಿದುದನ್ನು ಚಿಕ್ಕ ನಿವೇಶನಗಳಾಗಿ, ಹಲವು ಸಲ ಬೇರೆಯೇ ಜಾಗದಲ್ಲಿ, ಒಡೆಯರಿಗೆ ಮರಳಿಸುವ ಕ್ರಮವದು. ಎಲ್ಲವನ್ನೂ ಕಳೆದುಕೊಂಡವರಿಗೆ ಉಳಿದಿದ್ದ ಒಂದೇ ಆಸ್ತಿಯಾದ ನೆಲವನ್ನೂ ಕುಗ್ಗಿಸಿ ಕೊಟ್ಟಾಗ ಎದ್ದ ಸಿಟ್ಟು ನ್ಯಾಯವಾದದ್ದೇ. ಬಾಡಿಗೆದಾರರಿಗೂ ದಾಖಲೆಯಿಲ್ಲದೆ ನೆಲೆಸಿದವರಿಗೂ ಅಷ್ಟೂ ಸಿಗಲಿಲ್ಲ. ಅವರಲ್ಲಿ ಎಷ್ಟೋ ಜನ ಕೋಟೆಯ ಹಿಂಬದಿಯ ಮೊತೊಮಾಚಿಯಲ್ಲಿ, ಓತಾ ನದಿಯ ದಂಡೆಯ ಉದ್ದಕ್ಕೂ ಜೋಪಡಿ ಹಾಕಿದರು. ಆ ಸಾಲುಮನೆಗಳ ಪ್ರಶ್ನೆ 1970ರ ದಶಕದವರೆಗೂ ಬಗೆಹರಿಯಲಿಲ್ಲ.

ಸಿಟ್ಟಿಗೆ ಕೇಂದ್ರವಾದದ್ದು ನೂರು ಮೀಟರ್ ರಸ್ತೆ. ಊರಿನ ಪೂರ್ವದಿಂದ ಪಶ್ಚಿಮಕ್ಕೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದ, ನೂರು ಮೀಟರ್ ಅಗಲದ ಈ ಹಾದಿಯ ಮೂಲ ಯುದ್ಧಕಾಲದ್ದು. ವೈಮಾನಿಕ ದಾಳಿಯ ಬೆಂಕಿ ಹಬ್ಬದಿರಲೆಂದು ಸಾಲು ಮನೆಗಳನ್ನು ಕೆಡವಿ ತೆರವು ಪಟ್ಟಿಗಳನ್ನು ಮಾಡುತ್ತಿದ್ದರು. ಆಗಸ್ಟ್ 6ರ ಬೆಳಿಗ್ಗೆ ಇಂಥ ಕೆಲಸಕ್ಕೆ ಬಂದಿದ್ದ ಹನ್ನೆರಡು ಹದಿಮೂರರ ವಯಸ್ಸಿನ ಶಾಲಾ ಮಕ್ಕಳಲ್ಲಿ ಸುಮಾರು 6,000 ಮಂದಿ ಪ್ರಾಣ ಕಳೆದುಕೊಂಡರು. ಆ ಪಟ್ಟಿಯ ಜಾಗದಲ್ಲಿ ಮರಗಳ ಸಾಲಿರುವ ವಿಶಾಲ ರಸ್ತೆ ಬರಬೇಕೆಂಬುದು ಹಮಾಯಿ ಆಡಳಿತದ ಯೋಜನೆ. ಆದರೆ 1950ರ ದಶಕದ ಆರಂಭದಲ್ಲಿ ಅದು ಧೂಳೆದ್ದ ಬಯಲು. ವಾಹನಗಳೇ ವಿರಳವಾದ ಊರಿನಲ್ಲಿ, ಮನೆಗಾಗಿ ಜನ ಪರದಾಡುತ್ತಿರುವಾಗ, ಇಷ್ಟು ನೆಲವನ್ನು ರಸ್ತೆಗೆ ಬಿಡುವುದು ಯಾರಿಗಾಗಿ ಎಂದು ಕೇಳದವರಿಲ್ಲ.

1955ರ ಚುನಾವಣೆಯಲ್ಲಿ ವಕೀಲ ತಾದಾವೊ ವತಾನಾಬೆ ಇದನ್ನೇ ಹಿಡಿದರು. ರಸ್ತೆಯ ಅಗಲವನ್ನು ಅರ್ಧಕ್ಕಿಳಿಸಿ ಉಳಿದ ನೆಲದಲ್ಲಿ ಮನೆ ಕಟ್ಟಿಸುತ್ತೇನೆಂದು ಮಾತು ಕೊಟ್ಟು ಗೆದ್ದರು. ಎಂಟು ವರ್ಷ ಹುದ್ದೆಯಲ್ಲಿದ್ದ ಹಮಾಯಿ ಸೋತರು; ಅವರು ಬೆನ್ನುಹತ್ತಿ ಕಟ್ಟಿಸಿದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯ ಅದೇ ವರ್ಷದ ಆಗಸ್ಟ್‌ನಲ್ಲಿ ತೆರೆದಾಗ ಮೇಯರ್ ಬೇರೆಯವರಾಗಿದ್ದರು. ನಿಮ್ಮ ಮೂರನೆಯ ಪ್ರಶ್ನೆಯಲ್ಲಿ, ಜನ ಕೃತಘ್ನರಾದರೇ ಎಂಬ ಧ್ವನಿ ಇದೆ. ನನಗೆ ಹಾಗೆನ್ನಿಸುವುದಿಲ್ಲ. ಐವತ್ತು ವರ್ಷದಾಚೆಗಿನ ಊರಿಗಾಗಿ ಇಂದಿನ ಸೂರನ್ನು ಬಿಡಿ ಎಂದು ಕೇಳಿದ ಮೇಯರ್‌ಗೆ, ಸೂರಿಲ್ಲದವರು ಮತಪೆಟ್ಟಿಗೆಯಲ್ಲಿ ಉತ್ತರ ಕೊಟ್ಟರು. ಹಾಗೆಂದು ಯೋಜನೆ ತಪ್ಪಾಗಿತ್ತು ಎಂದೂ ಅಲ್ಲ. ವತಾನಾಬೆ ಅಧಿಕಾರಕ್ಕೆ ಬಂದ ಮೇಲೆ ರಸ್ತೆಯನ್ನು ಕಿರಿದುಗೊಳಿಸಲಿಲ್ಲ. ಬದಲಿಗೆ 1957-58ರಲ್ಲಿ ಪ್ರಾಂತ್ಯದ ಹಳ್ಳಿ ಪಟ್ಟಣಗಳಿಂದ ಮರಗಳನ್ನು ದಾನವಾಗಿ ತರಿಸಿ ಅದರ ಇಕ್ಕೆಲಗಳಲ್ಲಿ ನೆಡಿಸಿದರು. ಇಂದು ಶಾಂತಿ ಮಾರ್ಗವೆಂದು ಹೆಸರಾದ ಆ ರಸ್ತೆಯ ನೆರಳಿನಲ್ಲಿ ಎದುರಾಳಿಯ ಪಾಲೂ ಇದೆ ಎಂಬುದನ್ನು ಹಮಾಯಿಯವರ ಅಭಿಮಾನಿಗಳು ಹೇಳಲು ಮರೆಯುತ್ತಾರೆ.

ಅವರ ಮೊದಲ ಅವಧಿಗಳ ಒಂದು ವಿವಾದಕ್ಕೆ ನಮ್ಮ ದೇಶದ ನಂಟಿರುವುದರಿಂದ ಇಲ್ಲಿ ಹೇಳಬೇಕು. 1952ರ ಆಗಸ್ಟ್‌ನಲ್ಲಿ ಅನಾವರಣಗೊಂಡ ಸ್ಮಾರಕದ ಮೇಲೆ, ಹಮಾಯಿಯವರ ಕೋರಿಕೆಯಂತೆ ಹಿರೋಷಿಮಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ತಾದಾಯೋಶಿ ಸೈಕಾ ಬರೆದ ಸಾಲನ್ನು ಕೆತ್ತಲಾಗಿದೆ: ನೆಮ್ಮದಿಯಾಗಿ ನಿದ್ರಿಸಿ, ತಪ್ಪು ಮತ್ತೆ ನಡೆಯಗೊಡುವುದಿಲ್ಲ ಎಂಬುದು ಅದರ ಭಾವ. ಟೋಕಿಯೋ ಯುದ್ಧಾಪರಾಧ ನ್ಯಾಯಮಂಡಳಿಯಲ್ಲಿ ಭಿನ್ನ ತೀರ್ಪು ಬರೆದಿದ್ದ ಕಲ್ಕತ್ತೆಯ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ ಆ ವರ್ಷದ ನವೆಂಬರ್‌ನಲ್ಲಿ ಹಿರೋಷಿಮಾಗೆ ಬಂದಿದ್ದಾಗ ಇದನ್ನು ಆಕ್ಷೇಪಿಸಿದರು. ಬಾಂಬು ಹಾಕಿದವರು ಜಪಾನೀಯರಲ್ಲದಿರುವಾಗ ತಪ್ಪೊಪ್ಪಿಗೆ ಜಪಾನೀಯರ ಬಾಯಲ್ಲಿ ಏಕೆ ಎಂಬುದು ಅವರ ಪ್ರಶ್ನೆ. ಸ್ಮಾರಕದ ಮುಂದೆ ನಿಲ್ಲುವ ಯಾವ ದೇಶದ ಮನುಷ್ಯನೇ ಆಗಲಿ, ಇಡೀ ಮನುಷ್ಯಕುಲದ ಪರವಾಗಿ ಕೊಡುವ ಮಾತು ಅದು ಎಂಬುದು ಹಮಾಯಿ ಮತ್ತು ಸೈಕಾ ಇಬ್ಬರ ಸಮಾಧಾನ. ವಾದ ಪೂರ್ತಿ ತಣಿಯಲಿಲ್ಲ, ಕೆತ್ತನೆಯೂ ಬದಲಾಗಲಿಲ್ಲ.

1959ರಲ್ಲಿ ಹಮಾಯಿ ವತಾನಾಬೆ ನಂತರ ಮತ್ತೆ ಮೇಯರ್ ಆಗಿ 1967ರವರೆಗೆ ಇದ್ದರು. ಒಟ್ಟು ನಾಲ್ಕು ಅವಧಿ, ಹದಿನಾರು ವರ್ಷ. ಈ ಎರಡನೆಯ ಸುತ್ತಿನಲ್ಲಿ ನನಗೆ ಅವರ ಮೇಲಿನ ಗೌರವ ಹೆಚ್ಚಿಸಿದ ಸಂಗತಿ ಗುಮ್ಮಟದ ವಿಷಯದಲ್ಲಿ ಅವರು ಮನಸ್ಸು ಬದಲಿಸಿದ್ದು. ಝೆಕ್ ವಾಸ್ತುಶಿಲ್ಪಿ ಯಾನ್ ಲೆಟ್ಜೆಲ್ ವಿನ್ಯಾಸದ, 1915ರಲ್ಲಿ ಮುಗಿದ ಆ ಕಟ್ಟಡದ ಅವಶೇಷವನ್ನು ಹಣ ಸುರಿದು ಕಾಪಾಡಬೇಕಿಲ್ಲ ಎಂಬ ನಿಲುವು ಮೊದಲಲ್ಲಿ ಅವರದಾಗಿತ್ತು. ನೋಡಿದಾಗಲೆಲ್ಲ ಆ ದಿನ ಕಣ್ಮುಂದೆ ಬರುತ್ತದೆ, ಕೆಡವಿಬಿಡಿ ಎಂದು ಬೇಡುವ ಬದುಕುಳಿದವರೂ ಊರಿನಲ್ಲಿದ್ದರು. 1960ರಲ್ಲಿ ಲುಕೇಮಿಯಾದಿಂದ ತೀರಿಕೊಂಡ ಹದಿನಾರರ ಹುಡುಗಿಯೊಬ್ಬಳ ದಿನಚರಿಯಲ್ಲಿ ಆ ಗುಮ್ಮಟವೇ ಬಾಂಬಿನ ಭೀಕರತೆಯನ್ನು ಮುಂದೆಯೂ ಹೇಳೀತು ಎಂಬ ಮಾತು ಕಂಡುಬಂದು, ಶಾಲಾ ಮಕ್ಕಳು ಬೀದಿಯಲ್ಲಿ ನಿಂತು ಸಹಿ ಸಂಗ್ರಹಿಸತೊಡಗಿದರು. ಹಮಾಯಿ ತಕ್ಷಣ ಒಪ್ಪಲಿಲ್ಲ; ಕಟ್ಟಡ ನಿಲ್ಲಬಲ್ಲದೇ ಎಂದು 1965ರಲ್ಲಿ ತಜ್ಞರಿಂದ ಪರೀಕ್ಷೆ ಮಾಡಿಸಿದರು. 1966ರ ಜುಲೈನಲ್ಲಿ ನಗರಸಭೆ ಅದನ್ನು ಶಾಶ್ವತವಾಗಿ ಉಳಿಸುವ ನಿರ್ಣಯ ಮಾಡಿತು. ದುರಸ್ತಿಗೆ 4 ಕೋಟಿ ಯೆನ್ ಗುರಿಯಿಟ್ಟು ದೇಣಿಗೆ ಎತ್ತಲು ಶುರುವಾದಾಗ ಮೇಯರ್ ಸ್ವತಃ ಟೋಕಿಯೋದ ಸುಕಿಯಾಬಾಶಿಯಲ್ಲಿ ದಾರಿಹೋಕರ ಮುಂದೆ ನಿಂತು ಕೈಚಾಚಿದರು. ಕೂಡಿದ ಮೊತ್ತ 6 ಕೋಟಿ 60 ಲಕ್ಷ ಯೆನ್ ದಾಟಿತು, ದುರಸ್ತಿ 1967ರಲ್ಲಿ ಮುಗಿಯಿತು. ಅದೇ ಗುಮ್ಮಟ 1996ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಮಾಯಿ ಅದನ್ನು ನೋಡಲು ಇರಲಿಲ್ಲ. ಹುದ್ದೆ ಬಿಟ್ಟ ಮರುವರ್ಷ, 1968ರ ಫೆಬ್ರವರಿಯಲ್ಲಿ, 62ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಜಪಾನಿನ ಎಲ್ಲ ಮೇಯರ್‌ಗಳಿಗೂ ಇಷ್ಟು ಸಾಧ್ಯವೇ ಎಂಬ ಸಂಶಯ ನಿಮ್ಮ ಪ್ರಶ್ನೆಯ ಹಿಂದಿದೆ. ನೇರ ಚುನಾವಣೆ ಮತ್ತು ನಾಲ್ಕು ವರ್ಷದ ಅವಧಿ ಎಲ್ಲರಿಗೂ ಸಮಾನ. ಆದರೆ ಬಹುಕಾಲ ಅಲ್ಲಿನ ನಗರಗಳ ಸ್ಥಿತಿಯನ್ನು ಶೇಕಡ ಮೂವತ್ತರ ಸ್ವಾಯತ್ತತೆ ಎಂಬರ್ಥದಲ್ಲಿ ವರ್ಣಿಸುತ್ತಿದ್ದರು, ಏಕೆಂದರೆ ಸ್ವಂತ ತೆರಿಗೆಯಿಂದ ಖರ್ಚಿನ ಸಣ್ಣ ಭಾಗವಷ್ಟೇ ಹುಟ್ಟುತ್ತಿತ್ತು, ಉಳಿದುದಕ್ಕೆ ಕೇಂದ್ರದ ಮುಖ ನೋಡಬೇಕಿತ್ತು. ಮೇಯರ್ ಅನ್ನು ಕೇಂದ್ರ ಸಚಿವಾಲಯಗಳ ಪ್ರತಿನಿಧಿಯಂತೆ ದುಡಿಸಿಕೊಳ್ಳುವ ಪದ್ಧತಿ ರದ್ದಾದದ್ದು 2000ದ ಏಪ್ರಿಲ್‌ನಲ್ಲಿ. ಜನರ ಮತ ಹಮಾಯಿಯವರಿಗೆ ಹುದ್ದೆಯನ್ನು ಕೊಟ್ಟಿತ್ತು, ಹಣವನ್ನು ಕೊಟ್ಟಿರಲಿಲ್ಲ. ಹಣಕ್ಕೂ ನೆಲಕ್ಕೂ ಅವರು ತಮ್ಮ ಊರಿಗಾಗಿಯೇ ಒಂದು ಕಾಯ್ದೆಯನ್ನು ಮಾಡಿಸಿಕೊಳ್ಳಬೇಕಾಯಿತು, ಅದು ಇಂದಿಗೂ ಜಾರಿಯಲ್ಲಿದೆ.